ಆರು ಹಾಸಿಗೆಯ ಮನೆ, ಇಪ್ಪತ್ತು ಹಾಸಿಗೆಯ ಪ್ರಸ್ತಾಪ

ವನಜಾ ಎಂಬುದು ನಾನಿಟ್ಟ ಹೆಸರು. ಅವರ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನಾದರೂ ವಯಸ್ಸು, ಊರು, ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಾಯಿಸಿದ್ದೇನೆ. ಮುಂಬಯಿಯ ಮಧ್ಯ ರೈಲ್ವೆಯ ಉಪನಗರವೊಂದರಲ್ಲಿ, ವ್ಯಸನಕ್ಕೆ ಚಿಕಿತ್ಸೆ ಪಡೆದು ಹೊರಬಂದ ಆರು ಮಂದಿ ಹೆಂಗಸರು ಒಟ್ಟಿಗೆ ಬಾಳುವ ಬಾಡಿಗೆ ಮನೆಯೊಂದನ್ನು ಅವರು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಅವರೂ ಅದೇ ದಾರಿಯಲ್ಲಿ ಬಂದವರು. ಕುಡಿತ ಬಿಟ್ಟು ಒಂಬತ್ತು ವರ್ಷವಾಗಿದೆ. ನನ್ನ ಮುಂದೆ ಅವರಿಟ್ಟ ಪ್ರಶ್ನೆ ಮಾತ್ರ ವ್ಯವಹಾರದ್ದಾಗಿತ್ತು: ಅನುಕೂಲಸ್ಥರಾದ ಕೆಲವು ಕನ್ನಡಿಗ ಹಿರಿಯರು ನವಿ ಮುಂಬಯಿಯಲ್ಲಿ ಕಟ್ಟಡದ ಒಂದು ಮಹಡಿಯನ್ನು ಬಿಟ್ಟುಕೊಡುವುದಾಗಿಯೂ, ಅಲ್ಲಿ ಇಪ್ಪತ್ತು ಹಾಸಿಗೆಯ ಕೇಂದ್ರ ಮಾಡಬೇಕೆಂದೂ ಹೇಳಿದ್ದಾರೆ, ಒಪ್ಪಿಕೊಳ್ಳಲೇ ಎಂದು. ಇದನ್ನು ಆಪ್ತಸಲಹೆಗಾರ್ತಿಯ ಬಳಿ ಏಕೆ ಕೇಳುತ್ತಿದ್ದಾರೆ ಎಂಬುದು ಮೊದಲ ಎರಡು ಭೇಟಿಗಳಲ್ಲಿ ನನಗೆ ತಿಳಿಯಲಿಲ್ಲ.

ಉಡುಪಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದವರು ಅವರು. ಗಂಡ ಪರ್ಮಿಟ್ ರೂಮ್, ಅಂದರೆ ಬಾರ್, ನಡೆಸುತ್ತಿದ್ದರು. ಅಂಗಡಿಯಲ್ಲಿ ಜಾಗ ಸಾಲದೆ ಮನೆಯ ಮಂಚದಡಿ ತಂದಿಡುತ್ತಿದ್ದ ಪೆಟ್ಟಿಗೆಗಳಿಂದ, ನಿದ್ದೆ ಬಾರದ ರಾತ್ರಿಗಳಲ್ಲಿ, ಔಷಧಿ ಕುಡಿದಂತೆ ಅವರ ಕುಡಿತ ಶುರುವಾಯಿತು. ಇಪ್ಪತ್ತು ವರ್ಷ ಕುಡಿದ ಗಂಡ ದಿನವೂ ಗಲ್ಲಾದ ಮೇಲೆ ಕೂರುತ್ತಿದ್ದರೆ, ಐದೇ ವರ್ಷಗಳಲ್ಲಿ ಇವರ ಕೈ ನಡುಗತೊಡಗಿತು. ಮನೆಯವರು ಇದನ್ನು ನಡತೆಯ ದೋಷವೆಂದೇ ಎಣಿಸಿದರು. ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ, ಮದ್ಯವನ್ನು ಜಠರದಲ್ಲೇ ಒಡೆಯುವ ಕಿಣ್ವವೂ ಕಡಿಮೆ. ಹಾಗಾಗಿ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಏರುತ್ತದೆ, ಚಟ ಅಂಟಿಕೊಳ್ಳಲು ಹಿಡಿಯುವ ವರ್ಷಗಳೂ ಕಡಿಮೆಯಾಗುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಚಿಕಿತ್ಸೆ ಮುಗಿದ ದಿನ ಗಂಡನ ಮನೆಯ ಮಂಚದಡಿ ಪೆಟ್ಟಿಗೆಗಳು ಹಾಗೆಯೇ ಇದ್ದವು. ತವರಿನಲ್ಲಿ ಅಣ್ಣ, "ನನ್ನ ಮಗಳ ಮದುವೆ ಮುಗಿಯುವವರೆಗೆ ಊರಿಗೆ ಬರುವುದು ಬೇಡ ತಂಗಿ" ಎಂದರು. ಕುಡಿತ ಬಿಟ್ಟವರ ಸಭೆಯಲ್ಲಿ ಪರಿಚಯವಾದ ಹಿರಿಯ ಹೆಂಗಸೊಬ್ಬರು ತಮ್ಮ ಖೋಲಿಯಲ್ಲಿ ಹಾಸಿಗೆ ಹಾಸಿಕೊಟ್ಟರು. ಈಗಿನ ಮನೆಯ ಮೂಲ ಅದು.

ಮನೆಯಲ್ಲಿರುವವರೆಲ್ಲ ದುಡಿಯುತ್ತಾರೆ: ಇಬ್ಬರು ಪೋಳಿ ಭಾಜಿ (ಚಪಾತಿ ಪಲ್ಯ) ಕೇಂದ್ರದಲ್ಲಿ, ಒಬ್ಬರು ಆಸ್ಪತ್ರೆಯಲ್ಲಿ ಆಯಾ, ವಿಜಯಪುರದ ಕಡೆಯ ಒಬ್ಬರು ಕಟ್ಟಡ ಕೆಲಸಕ್ಕೆ. ಬಾಡಿಗೆಯನ್ನು ಸಮವಾಗಿ ಹಂಚಿಕೊಳ್ಳುತ್ತಾರೆ, ಅಡುಗೆ ಸರದಿಯಂತೆ. ಕರಾರು 11 ತಿಂಗಳದ್ದು. ಪ್ರತಿ ಸಲವೂ ನೋಂದಣಿ, ಪೊಲೀಸ್ ಪರಿಶೀಲನೆ, ಸೊಸೈಟಿ ಕಮಿಟಿಯವರ ಅನುಮಾನದ ನೋಟ. ನೌಕರಿಯ ಹೆಂಗಸರು ಎಂದಷ್ಟೇ ಅಲ್ಲಿ ಹೇಳಿದ್ದಾರೆ. ಅದು ಸುಳ್ಳೂ ಅಲ್ಲ.

ಮೂರನೆಯ ಭೇಟಿಯಲ್ಲಿ, ನಿದ್ದೆ ಹೇಗಿದೆ ಎಂದು ಕೇಳಿದ್ದಕ್ಕೆ, ಅವರು ಎರಡು ತಿಂಗಳ ಹಿಂದಿನ ಒಂದು ಶನಿವಾರದ ವಿಷಯ ತೆಗೆದರು. ಮನೆಯ ಒಬ್ಬಾಕೆ (ಲಕ್ಷ್ಮಿ ಎನ್ನೋಣ) ಕುಡಿದು ಬಂದಿದ್ದಳು. ಕುಡಿದವರು ಅಂದೇ ಹೊರಡಬೇಕೆಂಬುದು ಎಲ್ಲರೂ ಸೇರಿ ಮಾಡಿಕೊಂಡ ನಿಯಮ. ಎಲ್ಲರೂ ಕೈಯೆತ್ತಿದರು, ರಾತ್ರಿ ಹತ್ತಕ್ಕೆ ಚೀಲ ಕೊಟ್ಟು ಬಾಗಿಲು ಹಾಕಿದ್ದು ವನಜಾ. ಲಕ್ಷ್ಮಿ ಬೆಳಗಿನ ಮೊದಲ ಲೋಕಲ್ ಬರುವವರೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ಸೋಲಾಪುರದಲ್ಲಿರುವ ಅಕ್ಕನ ಮನೆಗೆ ಹೋದಳೆಂದು ತಿಳಿಯಿತು. ಮರುದಿನ ಸಂಜೆ ವನಜಾ ವೈನ್ ಶಾಪಿನ ಎದುರು ಹದಿನೈದು ನಿಮಿಷ ನಿಂತಿದ್ದರು. ಕೊಳ್ಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. "ಇಪ್ಪತ್ತು ಹಾಸಿಗೆಯಾದರೆ ಸಿಬ್ಬಂದಿ ಇರುತ್ತಾರೆ ಮೇಡಂ, ಬಾಗಿಲು ಹಾಕುವವಳು ನಾನೇ ಆಗಬೇಕೆಂದಿಲ್ಲ" ಎಂದು ಅವರು ಹೇಳಿದಾಗ, ವಿಸ್ತರಣೆಯ ಆಸೆ ಎಲ್ಲಿಂದ ಹುಟ್ಟಿತೆಂಬುದು ನನಗೂ ಅವರಿಗೂ ಒಟ್ಟಿಗೇ ಕಂಡಿತು.

ಹಾಗಾಗಿ ಕಟ್ಟಡದ ಮಾತನ್ನು ನಾನು ಬದಿಗಿಟ್ಟೆ. ವೈನ್ ಶಾಪಿನ ವಿಷಯವನ್ನು ಅವರ ಹಿರಿಯ ಗೆಳತಿಗೆ ಅದೇ ವಾರ ಹೇಳಬೇಕೆಂದೂ, ತಾವು ಯಾರಿಗೂ ಅಕ್ಕನಾಗಿರದ, ಬರೀ ಒಬ್ಬ ಸದಸ್ಯೆಯಾಗಿರುವ ಸಭೆಗೆ ವಾರಕ್ಕೊಮ್ಮೆ ಹೋಗಬೇಕೆಂದೂ ಸೂಚಿಸಿದೆ. ಮನೋವೈದ್ಯರನ್ನು ಕಾಣಲು ಹೇಳಿದೆ. ನಿದ್ದೆಮಾತ್ರೆಯನ್ನು ತಾವಾಗಿ ಕೊಳ್ಳುವುದು ಮಾತ್ರ ಕೂಡದು, ಏಕೆಂದರೆ ಆ ಗುಂಪಿನ ಅನೇಕ ಮಾತ್ರೆಗಳೂ ಚಟ ಹಿಡಿಸುವಂಥವೇ.

ಹೆಚ್ಚು ಹೊತ್ತು ನಾವು ಚರ್ಚಿಸಿದ್ದು ಆ ನಿಯಮವನ್ನು. ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಆಕ್ಸ್‌ಫರ್ಡ್ ಹೌಸ್ ಮನೆಗಳಲ್ಲಿ, ಅಲ್ಲಿರುವವರೇ ಮನೆ ನಡೆಸುತ್ತಾರೆ, ಬಾಡಿಗೆ ತಾವೇ ಕಟ್ಟುತ್ತಾರೆ, ಮತ್ತೆ ಕುಡಿದವರನ್ನು ಹೊರಗೆ ಕಳಿಸುತ್ತಾರೆ. ವನಜಾ ಅವರ ಮನೆಯ ಕಟ್ಟಳೆಯೂ, ಅವರಿಗೆ ಆ ಹೆಸರು ಗೊತ್ತಿಲ್ಲದಿದ್ದರೂ, ಅದೇ ಜಾಡಿನದು. ಉಳಿದ ಐವರ ರಕ್ಷಣೆಗೆ ಆ ನಿಯಮ ಬೇಕೇ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತವರೂ ಗಂಡನ ಮನೆಯೂ ಬಾಗಿಲು ಹಾಕಿದ ಹೆಂಗಸಿಗೆ ರಾತ್ರಿ ಹತ್ತರ ಮುಂಬಯಿಯಲ್ಲಿ 'ಹೊರಗೆ' ಎಂದರೆ ಎಲ್ಲಿ? ಆದ್ದರಿಂದ ನಾನು ಕೊಟ್ಟ ಸಲಹೆ ಹೀಗಿತ್ತು: ಕುಡಿದವಳು ಆ ರಾತ್ರಿ ಆ ಮನೆಯಲ್ಲಿ ಇರುವಂತಿಲ್ಲ, ಬೀದಿಯಲ್ಲೂ ಇರುವಂತಿಲ್ಲ. ಮನೆಗೆ ಸೇರುವ ದಿನವೇ, ಮನಸ್ಸು ನೆಟ್ಟಗಿರುವಾಗ, ಎಡವಿದರೆ ಯಾವ ಆಸ್ಪತ್ರೆಗೆ, ಯಾರ ಮನೆಗೆ, ಯಾರು ಜೊತೆಯಲ್ಲಿ ಬರಬೇಕು ಎಂಬುದನ್ನು ಆಕೆಯ ಕೈಯಲ್ಲೇ ಬರೆಸಿಡಬೇಕು. ಇದು ಕರುಣೆಯ ಮಾತಷ್ಟೇ ಅಲ್ಲ. ಹಲವು ದಿನ ಸತತ ಕುಡಿದು ಥಟ್ಟನೆ ನಿಲ್ಲಿಸಿದವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಬಡಬಡಿಕೆ ಶುರುವಾಗಿ ಪ್ರಾಣಕ್ಕೇ ಅಪಾಯವಾಗಬಹುದು; ಅಂಥವರು ಆ ದಿನಗಳನ್ನು ಬೆಂಚಿನ ಮೇಲೂ ಕಳೆಯಬಾರದು, ಗೆಳತಿಯರ ಮನೆಯಲ್ಲೂ ಕಳೆಯಬಾರದು. ನೆರವು ಕೇಳಲು 14446 (ವ್ಯಸನಮುಕ್ತಿ) ಮತ್ತು 14416 (ಮಾನಸಿಕ ಆರೋಗ್ಯ) ಎಂಬ ಎರಡು ಸರ್ಕಾರಿ ಸಹಾಯವಾಣಿಗಳನ್ನು ಬಾಗಿಲ ಹಿಂದೆ ಬರೆದಿಡಲು ಹೇಳಿದೆ.

ಇನ್ನು ಇಪ್ಪತ್ತು ಹಾಸಿಗೆ. ಹಿರಿಯರಲ್ಲಿ ಒಬ್ಬರು, "ನಮ್ಮ ಹೆಂಗಸರಲ್ಲಿ ಕುಡಿಯುವವರು ಎಷ್ಟು ಮಂದಿ?" ಎಂದೂ ಕೇಳಿದ್ದರಂತೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಸಂಖ್ಯೆ ಸಣ್ಣದೆಂದು ಹಾಸಿಗೆಗಳು ಕಡಿಮೆ, ಹಾಸಿಗೆ ಕಡಿಮೆಯೆಂದು ಹೆಂಗಸರು ಬರುವುದೂ ಕಡಿಮೆ. ಹೆಚ್ಚು ಮನೆಗಳು ಬೇಕೆಂಬುದು ನಿಜ. ಆದರೆ ಒಂದು ಮನೆಯನ್ನೇ ಉಬ್ಬಿಸಿದರೆ ಅದು ಮನೆಯಾಗಿ ಉಳಿಯುವುದಿಲ್ಲ. ಸಿಬ್ಬಂದಿಯಿಟ್ಟು ಚಿಕಿತ್ಸೆ ಕೊಡುವ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯಡಿ ನೋಂದಣಿ ಬೇಕು, ವೈದ್ಯರು ಬೇಕು. ಅದು ಬೇರೆಯೇ ಕೆಲಸ. ಅದೇ ಕಾಯ್ದೆ ಸರ್ಕಾರ ಒದಗಿಸಬೇಕಾದ ಸೇವೆಗಳಲ್ಲಿ ಆಸರೆಯ ವಸತಿಯನ್ನೂ ಎಣಿಸುತ್ತದೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ವನಜಾ ಅವರ ಮನೆಗೆ ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಆ ಕಾರಣಕ್ಕೇ ಮೂವರು ಬಾಗಿಲವರೆಗೆ ಬಂದು ಮರಳಿದ್ದರು. ಅದಕ್ಕಾಗಿ ಎರಡನೆಯದೊಂದು ಸಣ್ಣ ಮನೆ, ತಾಯಂದಿರಿಗಾಗಿ, ಈಗಿರುವವರಲ್ಲಿ ಹಳಬಳಾದ ಒಬ್ಬಾಕೆಯ ಜವಾಬ್ದಾರಿಯಲ್ಲಿ ಆರಂಭವಾಗಲಿ ಎಂದೆ. ಬಾಡಿಗೆ ವಸೂಲಿಯನ್ನು ವನಜಾ ತಾವೇ ಮಾಡಬಾರದೆಂದೂ ಹೇಳಿದೆ.

ದಾನಿಗಳಲ್ಲಿ ಇಬ್ಬರು ಬಾರ್ ಮಾಲಕರು. ಆ ಹಣ ಮುಟ್ಟುವುದು ಹೇಗೆ ಎಂಬ ವನಜಾ ಅವರ ಸಂಕಟಕ್ಕೆ ನಾನು ತೀರ್ಪು ಕೊಡಲಿಲ್ಲ. (ನನ್ನನ್ನು ಕೇಳಿದರೆ, ತೆಗೆದುಕೊಳ್ಳಲಿ ಎನ್ನುವವಳು ನಾನು.) ಮನೆಯ ಎಲ್ಲರೂ ಕೂತು ನಿರ್ಧರಿಸಲಿ ಎಂದಷ್ಟೇ ಹೇಳಿದೆ.

ಬೋರ್ಡಿಲ್ಲದ, ಉದ್ಘಾಟನೆಯಿಲ್ಲದ ಸಣ್ಣ ಮನೆ ಎಂದಾಗ ಹಿರಿಯರ ಉತ್ಸಾಹ ಇಳಿಯಿತು. ಒಬ್ಬರು ಮಾತ್ರ ಡಿಪಾಜಿಟ್ ಹಣ ಕೊಟ್ಟರು, ಬಾರ್ ಮಾಲಕರಲ್ಲೇ ಒಬ್ಬರು. ಎರಡನೆಯ ಮನೆಯಲ್ಲಿ ಈಗ ಮೂವರು ತಾಯಂದಿರು, ಇಬ್ಬರು ಮಕ್ಕಳಿದ್ದಾರೆ. ಮೂರನೆಯಾಕೆಯ ಮಗನನ್ನು ಅತ್ತೆಮನೆಯವರು ಇನ್ನೂ ಕಳಿಸಿಲ್ಲ. ವನಜಾ ನಿದ್ದೆ ಮಾಡುತ್ತಿದ್ದಾರೆ, ದಿನವೂ ಅಲ್ಲ. ಲಕ್ಷ್ಮಿಗೆ ಫೋನ್ ಮಾಡಬೇಕೆಂದು ನಾನು ಹೇಳಿದ್ದನ್ನು ಅವರು ಇದುವರೆಗೆ ಮಾಡಿಲ್ಲ; ಮುಂದಿನ ಭೇಟಿ ಬುಧವಾರವಿದೆ.