‘ಹೊಸದು ಕಟ್ಟಿದರೆ ಮುಗೀತಲ್ವಾ?’

ಪತ್ರ: ಕಾಳಿ ನದಿಯ ಹಳೇ ಸೇತುವೆ ಬಿದ್ದು ಹೋಯಿತು. ಪಕ್ಕದಲ್ಲೇ ಹೊಸದಿದೆ. ಸತ್ತ ಸೇತುವೆ ಬಗ್ಗೆ ನೀವು ಮತ್ತೆ ಮತ್ತೆ ಬರೆಯುವುದೇಕೆ? ಇನ್ನೊಂದು ಗಟ್ಟಿಯಾಗಿ ಕಟ್ಟಿದರೆ ಮುಗೀತಲ್ವಾ?
– ಕೋಡಿಬಾಗದ ಓದುಗರೊಬ್ಬರು

ಉತ್ತರ: ಇನ್ನೊಂದು ಬೇಕು, ಒಪ್ಪಿದೆ. ಕಾರವಾರ–ಗೋವಾ ಹೆದ್ದಾರಿಯ ಓಡಾಟ ಸಣ್ಣದಲ್ಲ. ಆದರೆ ‘ಮುಗೀತು’ ಅಂದಿರಲ್ಲ, ಆ ಮಾತಿಗೆ ನನ್ನ ತಕರಾರಿದೆ.

2024ರ ಆಗಸ್ಟ್ 7ರ ನಡುರಾತ್ರಿ ಆ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಬದುಕಿಸಿದರು. ಸೇತುವೆಗೆ ಆಗ ಬರೀ 41 ವರ್ಷ.

ರಾಮೇಶ್ವರಕ್ಕೆ ಕಡಲ ಮೇಲೆ ಹೋಗುವ ಹಳೇ ಉಕ್ಕಿನ ರೈಲು ಸೇತುವೆ, ಪಂಬನ್ ಸೇತುವೆ ನೆನಪಿಸಿಕೊಳ್ಳಿ. 1914ರಲ್ಲಿ ಶುರುವಾದದ್ದು, ಸುತ್ತ ಉಪ್ಪು ನೀರು, ಉಪ್ಪು ಗಾಳಿ. 1964ರ ಚಂಡಮಾರುತ ಅದನ್ನು ಮುರಿದುಹಾಕಿತು. ಯುವ ಎಂಜಿನಿಯರ್ ಇ. ಶ್ರೀಧರನ್ ಕಡಲ ತಳದಿಂದ ಗರ್ಡರ್ (ಸೇತುವೆಯ ಉಕ್ಕಿನ ತೊಲೆ) ಎತ್ತಿಸಿ 46 ದಿನದಲ್ಲಿ ರಿಪೇರಿ ಮಾಡಿಸಿದರು. ಅದರ ಮೇಲೆ ರೈಲು ಓಡಾಟ ನಿಂತಿದ್ದು 2022ರಲ್ಲಿ. ನೂರು ವರ್ಷ ದಾಟಿ ಬಾಳಿದ್ದು ಸುಮ್ನೆ ಅಲ್ಲ. ತುಕ್ಕು ಕೆರೆದು, ಬಣ್ಣ ಬಳಿದು, ಸವೆದ ಭಾಗ ಬದಲಿಸುವ ಜನ ಅಲ್ಲಿದ್ದರು. ಇದೇ ಶ್ರೀಧರನ್ ಮುಂದೆ ಕಟ್ಟಿಸಿದ ಕೊಂಕಣ ರೈಲು ನಿಮ್ಮ ಕಾಳಿಯನ್ನೂ ದಾಟುತ್ತದೆ.

ಕಾಂಕ್ರೀಟಿಗೆ ಬಣ್ಣ ಬೇಡ, ಆರೈಕೆಯೂ ಬೇಡ ಅಂತ ನಾವು ನಂಬಿಬಿಟ್ಟಿದ್ದೇವೆ. ಕರಾವಳಿಯಲ್ಲಿ ಉಪ್ಪು ಮೆಲ್ಲಗೆ ಒಳಗಿಳಿಯುತ್ತದೆ, ಕಾಂಕ್ರೀಟಿನೊಳಗಿನ ಉಕ್ಕಿನ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಊದಿಕೊಂಡು ಮೇಲಿನ ಕಾಂಕ್ರೀಟನ್ನು ಒಡೆಯುತ್ತದೆ. ಆ ಬಿರುಕಿನಿಂದ ಉಪ್ಪು ಇನ್ನೂ ಜಾಸ್ತಿ ಒಳಹೋಗುತ್ತದೆ. ಹೊರಗೆ ಮೊದಲು ಕಾಣುವುದು ಒಂದು ಕಂದು ಗೆರೆ, ಅಷ್ಟೇ.

ನಮ್ಮೂರ ಹೊಳೆಯ ಸೇತುವೆಯ ಸಂದಿನಲ್ಲಿ ಒಂದು ಅರಳಿ ಸಸಿ ಹುಟ್ಟಿತ್ತು. ಬೇರು ಹೆಬ್ಬೆರಳಿನಷ್ಟು ದಪ್ಪ. ಕೀಳಿಸಿ ಅಂತ ಕಚೇರಿಗೆ ಹೋದೆ. ಇದು ನಮ್ಮ ವಿಭಾಗದ್ದಲ್ಲ ಅಂದರು. ಇನ್ನೊಂದು ಕಚೇರಿಯಲ್ಲೂ ಅದೇ ಉತ್ತರ. ಎರಡು ಮಳೆಗಾಲ ಕಳೆಯಿತು. ಕೊನೆಗೆ ಬಲೆ ಬೀಸಲು ಬರುವ ಹುಡುಗನೊಬ್ಬ ಕಂಬ ಹತ್ತಿ ಕತ್ತಿಯಿಂದ ಕಡಿದು ಹಾಕಿದ. ಬೇರು ಒಳಗೇ ಉಳಿದಿದೆ.

ಅದೇ ಸೇತುವೆಯ ತುದಿಯಲ್ಲಿ ಉದ್ಘಾಟನೆಯ ಕಲ್ಲಿದೆ. ಅದರ ತುಂಬ ಹೆಸರುಗಳು. ವರ್ಷಕ್ಕೊಮ್ಮೆ ಕೆಳಗಿಳಿದು ನೋಡಬೇಕಾದವರ ಹೆಸರು, ಫೋನ್ ನಂಬರ್ ಎಲ್ಲೂ ಇಲ್ಲ. ಶಾಲೆ, ನೀರಿನ ಟ್ಯಾಂಕು, ಬಸ್ ನಿಲ್ದಾಣ, ಯಾವುದನ್ನೇ ನೋಡಿ, ಇದೇ ಕಥೆ. ಕಟ್ಟಲು ದುಡ್ಡು ಬರುತ್ತದೆ, ಕಾಪಾಡಲು ಬರುವುದಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಬರೆಯುವುದು.

ನಿಮ್ಮ ಮನೆ ನದಿಗೆ ಹತ್ತಿರವೇ ಇರಬೇಕು. ಇಳಿತದ ಹೊತ್ತಿಗೆ ಒಮ್ಮೆ ಹೊಸ ಸೇತುವೆಯ ಹತ್ತಿರ ಹೋಗಿ. ಕಂಬದ ಮೇಲೆ ಕಂದು ಗೆರೆ ಕಂಡರೆ ಫೋಟೋ ತೆಗೆದು, ತಾರೀಕು ಬರೆದು ಕಳಿಸಿ. ಮೊದಲ ಪುಟದಲ್ಲೇ ಹಾಕುತ್ತೇನೆ.