ತಂಗಿ ಮೇಲೆ ಯಾವಾಗಲೂ ಸಿಡುಕುವ ಬೀಜಸ್ ಕೆಟ್ಟ ಅಕ್ಕನಾ?

ಖಂಡಿತ ಅಲ್ಲ. ಬೆವರ್ಲಿ ಕ್ಲಿಯರಿ ಬರೆದ ‘ಬೀಜಸ್ ಅಂಡ್ ರಮೋನಾ’ (1955) ಮಕ್ಕಳ ಕಾದಂಬರಿಯಲ್ಲಿ ಬೀಜಸ್‌ಗೆ ಒಂಬತ್ತು ವರ್ಷ, ತಂಗಿ ರಮೋನಾಗೆ ನಾಲ್ಕು. ತಂಗಿಯ ಕಾಟ ಸಣ್ಣದಲ್ಲ. ಲೈಬ್ರರಿ ಪುಸ್ತಕದಲ್ಲಿ ಗೀಚುತ್ತಾಳೆ. ಮೊದಲ ತುತ್ತೇ ರುಚಿ ಅಂತ ಸೇಬುಗಳನ್ನೆಲ್ಲ ಒಂದೊಂದು ಸಲ ಕಚ್ಚಿ ಬಿಡುತ್ತಾಳೆ. ಅಕ್ಕನ ಹುಟ್ಟುಹಬ್ಬದ ಕೇಕನ್ನಂತೂ ಎರಡು ಸಲ ಹಾಳು ಮಾಡುತ್ತಾಳೆ. ಮೊದಲು ಹಿಟ್ಟಿಗೆ ಮೊಟ್ಟೆಯನ್ನು ಚಿಪ್ಪಿನ ಸಮೇತ ಹಾಕಿ, ಆಮೇಲೆ ಓವನ್‌ನಲ್ಲಿ ಕೇಕ್ ಜೊತೆ ರಬ್ಬರ್ ಗೊಂಬೆ ಇಟ್ಟು! ಸಿಟ್ಟು ಬರದೆ ಇರುತ್ತಾ?

ಆದರೆ ಬೀಜಸ್‌ಳನ್ನು ಒಳಗೇ ಕೊರೆಯುವುದು ಬೇರೆ ವಿಷಯ. ತಂಗಿ ಮೇಲೆ ಒಮ್ಮೊಮ್ಮೆ ಪ್ರೀತಿಯೇ ಬರುವುದಿಲ್ಲ, ಅದು ತಪ್ಪು ಅಂತ ಅವಳು ಒಬ್ಬಳೇ ನೋಯುತ್ತಾಳೆ. ಹುಟ್ಟುಹಬ್ಬದ ಊಟದ ಹೊತ್ತಿಗೆ ಅದನ್ನು ಹೇಳಿಯೂ ಬಿಡುತ್ತಾಳೆ. ಅಮ್ಮ ಬೈಯುವುದಿಲ್ಲ. ಸದಾ ಪ್ರೀತಿಸಲೇಬೇಕು ಅಂತೇನಿಲ್ಲ ಅನ್ನುತ್ತಾಳೆ. ಅಮ್ಮ, ಚಿಕ್ಕಮ್ಮ ಇಬ್ಬರೂ ತಮ್ಮ ಬಾಲ್ಯದ ಜಗಳಗಳನ್ನು ನೆನೆದು ನಗುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ತುಂಬಾ ಇಷ್ಟವಾದ ಜಾಗ ಇದು. ‘ನೀನು ದೊಡ್ಡವಳು, ಸಹಿಸಿಕೋ’ ಅಂತ ಕೇಳಿ ಕೇಳಿ ಬೆಳೆಯುವ ಮಗುವಿಗೆ ಅಮ್ಮನ ಈ ಮಾತಿನಿಂದ ಮನಸ್ಸು ಎಷ್ಟು ಹಗುರ ಅನಿಸುತ್ತೆ ಅಲ್ವಾ? ಹೀಗಾಗಿ ಚಿಕ್ಕವರಷ್ಟೇ ಅಲ್ಲ, ಮನೆಯ ದೊಡ್ಡ ಮಕ್ಕಳೂ ಇದನ್ನು ಓದಬೇಕು.