ಟೆಸ್ಟ್‌ನಲ್ಲಿರುವ ಆ ಸಂಖ್ಯೆ ಎಲ್ಲಿಂದ ಬಂತು?

ಅಂಕಿಅಂಶದ ಭಾಷೆ ಆರ್‌ನಲ್ಲಿ ಬರೆದ ನಿಮ್ಮ ಪ್ಯಾಕೇಜಿಗೆ ಕವರೇಜ್ (ಟೆಸ್ಟ್‌ಗಳು ಕೋಡಿನ ಎಷ್ಟು ಪಾಲು ಓಡಿಸಿದವು ಅನ್ನುವ ಲೆಕ್ಕ) ಶೇಕಡಾ 100 ಬಂದಿದೆ, ಟೆಸ್ಟ್‌ಗಳನ್ನು ತಾನೇ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಎಲ್ಲ ಹಸಿರು, ನಾಳೆ ಅದನ್ನು ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರಾನ್‌ಗೆ ಕಳಿಸ್ತೀನಿ ಅಂತ ಬರೆದಿದ್ದೀರಿ. ಸ್ವಲ್ಪ ತಡೀರಿ. ನೀವು ಹಾಕಿದ ಟೆಸ್ಟ್ ಫೈಲಿನ ಚಿತ್ರ ನೋಡಿದೆ. ಫಂಕ್ಷನ್‌ನ ಉತ್ತರವನ್ನು ಬರಬೇಕಾದ ಉತ್ತರಕ್ಕೆ ಹೋಲಿಸುವ ಎಕ್ಸ್‌ಪೆಕ್ಟ್ ಈಕ್ವಲ್‌ನ ಬಲಗಡೆ 3.918367 ಅಂತ ಇದೆ. ಸರಿಯಾಗಿ ಏಳು ಅಂಕಿ. ಆರ್ ಕನ್ಸೋಲ್ ಮಾಮೂಲಾಗಿ ತೋರಿಸುವುದೂ ಏಳೇ. ಅಂದರೆ ನಿಮ್ಮದೇ ಫಂಕ್ಷನ್ ಓಡಿಸಿ, ಬಂದ ಉತ್ತರವನ್ನೇ ಎತ್ತಿ ಅಂಟಿಸಿದ್ದೀರಿ, ಅಲ್ವಾ?

ನಾನೂ ಇದನ್ನೇ ಮಾಡಿದ್ದೆ. ವೇರಿಯನ್ಸ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಲೆಕ್ಕ ಹಾಕುವ ನನ್ನ ಫಂಕ್ಷನ್‌ನಲ್ಲಿ ಎನ್ (ಎಷ್ಟು ಸಂಖ್ಯೆಗಳಿವೆ ಅನ್ನುವುದು) ಮೈನಸ್ ಒಂದರಿಂದ ಭಾಗಿಸುವ ಕಡೆ ಬರೀ ಎನ್‌ನಿಂದ ಭಾಗಿಸಿದ್ದೆ. ಟೆಸ್ಟ್‌ಗೂ ಅದೇ ತಪ್ಪು ಉತ್ತರ ಅಂಟಿಸಿದ್ದೆ. ಕವರೇಜ್ ಪೂರ್ತಿ, ಆರ್‌ನ ಪ್ಯಾಕೇಜ್ ಚೆಕ್‌ನಲ್ಲಿ ಒಂದು ನೋಟ್ (ಸಣ್ಣ ಆಕ್ಷೇಪ) ಕೂಡ ಇಲ್ಲ. ನಾಚಿಕೆಯ ಸಂಗತಿ ಇದಲ್ಲ, ಮುಂದಿನದು. ಯಾರೋ ಪುಣ್ಯಾತ್ಮರು ತಪ್ಪನ್ನು ತಿದ್ದಿ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರು. ಟೆಸ್ಟ್ ಕೆಂಪಾಯಿತು. 'ಟೆಸ್ಟ್ ಫೇಲ್ ಆಗ್ತಿದೆ, ಸರಿಮಾಡಿ ಕಳಿಸಿ' ಅಂತ ಬರೆದು ನಾನೇ ಮುಚ್ಚಿದೆ! ತುಂಬ ತಿಂಗಳ ಮೇಲೆ ಸುಮ್ನೆ 2, 4, 6 ಕೊಟ್ಟು ನೋಡಿದಾಗ 2.67 ಬಂತು. ಬರಬೇಕಾದದ್ದು 4.

ಕವರೇಜ್ ಹೇಳುವುದು ಸಾಲು ಓಡಿತು ಅಂತ, ಅಷ್ಟೇ. ಲೆಕ್ಕ ಸರಿ ಅಂತಲ್ಲ.

ಆಮೇಲಿಂದ ಮೊದಲ ಟೆಸ್ಟ್ ಯಾವಾಗಲೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ. ಆಮೇಲೆ ಅದೇ ಡೇಟಾವನ್ನು ಕಾಡಿಸುತ್ತೇನೆ. ಸಾಲುಗಳನ್ನು ಕಲಸಿದರೆ ಉತ್ತರ ಬದಲಾಗಬಾರದು. ಮೀಟರನ್ನು ಸೆಂಟಿಮೀಟರ್ ಮಾಡಿದರೆ ವೇರಿಯನ್ಸ್ 10,000 ಪಟ್ಟಾಗಬೇಕು. ಎಲ್ಲಕ್ಕೂ 100 ಕೋಟಿ ಕೂಡಿಸಿದರೂ ಅಲುಗಬಾರದು. ವರ್ಗಗಳ ಮೊತ್ತದಿಂದ ಸರಾಸರಿಯ ವರ್ಗದ ಎನ್ ಪಟ್ಟನ್ನು ಕಳೆಯುವ ಸೂತ್ರ ಬರೆದಿದ್ದರೆ ಇಲ್ಲೇ ಬೀಳುತ್ತೀರಿ. ಡಬಲ್‌ನಲ್ಲಿ (ಕಂಪ್ಯೂಟರ್ ದಶಾಂಶ ಸಂಖ್ಯೆ ಇಡುವ ಮಾಮೂಲಿ ರೂಪ) ಹಿಡಿಯುವುದು ಹದಿನೈದು ಹದಿನಾರು ಅಂಕಿ, 100 ಕೋಟಿಯ ವರ್ಗಕ್ಕೇ ಹತ್ತೊಂಬತ್ತು ಬೇಕು. ಉತ್ತರ ಸೊನ್ನೆಯೋ ಮೈನಸ್ಸೋ ಬರಬಹುದು. ರಿಗ್ರೆಷನ್ (ಒಂದು ಅಳತೆಯನ್ನು ಬೇರೆ ಅಳತೆಗಳಿಂದ ಅಂದಾಜಿಸುವ ಲೆಕ್ಕ) ಇದ್ದರೆ, ಇಂಥ ಲೆಕ್ಕಗಳನ್ನು ಪರೀಕ್ಷಿಸಲು ಬಳಸುವ ಲಾಂಗ್ಲಿ ಡೇಟಾ ಹಾಕಿ. 16 ಸಾಲು, ಆರ್‌ನಲ್ಲೇ ಇದೆ, ಪ್ರಮಾಣೀಕರಿಸಿದ ಉತ್ತರಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೊಟ್ಟಿದೆ.

ದಶಾಂಶಕ್ಕೆ ಎಕ್ಸ್‌ಪೆಕ್ಟ್ ಐಡೆಂಟಿಕಲ್ (ಒಂದಂಕಿಯೂ ಬೇರೆಯಾಗಬಾರದು ಅನ್ನುವ ಹೋಲಿಕೆ) ಬೇಡ. ಆಪಲ್‌ನ ಎಂ ಚಿಪ್‌ನಲ್ಲಿ ಹೆಚ್ಚು ಅಂಕಿ ಹಿಡಿಯಬೇಕಾದ ಲಾಂಗ್ ಡಬಲ್ ಅಂದರೂ ಡಬಲ್ ಅಷ್ಟೇ, ಕೊನೆಯ ಅಂಕಿಗಳು ಸರಿಯುತ್ತವೆ. ಹಾಗಂತ ಹಸಿರು ಬರಲಿ ಅಂತ ಟಾಲರೆನ್ಸ್ (ಒಪ್ಪಿಕೊಳ್ಳುವ ವ್ಯತ್ಯಾಸ) 0.1 ಮಾಡಬೇಡಿ, ಅದಕ್ಕಿಂತ ಟೆಸ್ಟ್ ಅಳಿಸುವುದೇ ವಾಸಿ. ಯಾದೃಚ್ಛಿಕ ಸಂಖ್ಯೆಗಳು ಪ್ರತಿ ಸಲ ಒಂದೇ ಬರಲಿ ಅಂತ ಸೆಟ್ ಸೀಡ್ ಹಾಕಿದ್ದೀನಿ ಅನ್ನುವ ಧೈರ್ಯವೂ ಬೇಡ. 2019ರಲ್ಲಿ ಆರ್ 3.6.0 ಬಂದಾಗ ಯಾದೃಚ್ಛಿಕವಾಗಿ ಆರಿಸುವ ಸ್ಯಾಂಪಲ್ ಫಂಕ್ಷನ್‌ನ ಒಳಗಿನ ವಿಧಾನವೇ ಬದಲಾಗಿ, ಅದೇ ಸೀಡ್‌ಗೆ ಬೇರೆ ಸಂಖ್ಯೆ ಬರತೊಡಗಿತು. ಹಿಂದಿನ ಔಟ್‌ಪುಟ್ ಉಳಿಸಿಕೊಂಡು ಅದಕ್ಕೇ ಹೋಲಿಸುವ ಸ್ನ್ಯಾಪ್‌ಶಾಟ್ ಟೆಸ್ಟ್ ಪ್ರಿಂಟ್ ಔಟ್‌ಪುಟ್‌ಗೆ ಸರಿ. ಲೆಕ್ಕಕ್ಕೆ ಬಳಸಿದರೆ ಅದೂ ನಮ್ಮ ಅಂಟಿಸುವ ರೋಗವೇ.

ಲಿಂಟರ್ (ಕೋಡ್ ಬರೆದ ಶೈಲಿ ನೋಡುವ ಸಾಧನ) ಬಗ್ಗೆ ಇಲ್ಲಿ ಜಾಸ್ತಿ ಚರ್ಚೆ ನಡೀತಿದೆ. ಸ್ಪೇಸ್ ಎಣಿಸಲು ಚೆನ್ನಾಗಿದೆ, ಬಿಡಿ. ಆರ್ ಪ್ಯಾಕೇಜ್‌ಗಳನ್ನು ಪರಿಶೀಲಿಸುವ ಆರ್‌ಓಪನ್‌ಸೈ ಬಳಗದವರ ಆಟೋಟೆಸ್ಟ್ ನನಗೆ ಹೆಚ್ಚು ಕೆಲಸಕ್ಕೆ ಬಂತು. ನಿಮ್ಮ ಇನ್‌ಪುಟ್‌ಗಳನ್ನು ಅದೇ ತಿರುಚಿ ತಿರುಚಿ ಕೊಡುತ್ತದೆ. ಗಲಾಟೆ ಜಾಸ್ತಿ, ಸಹಿಸಿಕೊಳ್ಳಿ. ಓಡದ ಉದಾಹರಣೆಗಳನ್ನು ಡೋಂಟ್‌ಟೆಸ್ಟ್ (ಇದನ್ನು ಪರೀಕ್ಷಿಸಬೇಡ ಅನ್ನುವ ಗುರುತು) ಒಳಗೆ ಬಚ್ಚಿಡುವ ಅಭ್ಯಾಸವಿದ್ದರೆ ಬಿಡಿ. ಆರ್ 4.0.0ರಿಂದ ಆ್ಯಸ್ ಕ್ರಾನ್ ಚೆಕ್ (ಕ್ರಾನ್‌ಗೆ ಕಳಿಸುವ ಮುಂಚಿನ ಪರೀಕ್ಷೆ) ಅವನ್ನೂ ಓಡಿಸುತ್ತದೆ.

ಇನ್ನೊಂದು ಮಾತು. ವಾರಕ್ಕೊಮ್ಮೆ ತಾನೇ ಓಡುವಂತೆ ಚೆಕ್ ಇಡಿ. ನೀವು ಕೋಡ್ ಮುಟ್ಟದಿದ್ದರೂ ನೀವು ನಂಬಿದ ಪ್ಯಾಕೇಜ್ ಬದಲಾಗುತ್ತಿರುತ್ತದೆ. ಆದರೆ ಪಬ್ಲಿಕ್ ರೆಪೊದಲ್ಲಿ (ಎಲ್ಲರಿಗೂ ತೆರೆದ ಕೋಡ್ ಸಂಗ್ರಹ) 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಗಿಟ್‌ಹಬ್ ಆ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ. ಹಳೆಯ ಹಸಿರು ಟಿಕ್ ಮಾತ್ರ ಹಾಗೇ ಕಾಣುತ್ತಿರುತ್ತದೆ. ದಿನಾಂಕ ನೋಡಿ.